ಸಾಂಸ್ಕೃತಿಕ ಸ್ವತ್ತಿನ ರಫ್ತು–ಆಮದು ನಿಯಮಗಳು

ಹಳೆಯ ವಿಗ್ರಹ, ಶಾಸನ, ನಾಣ್ಯ, ಓಲೆಗರಿ, ವರ್ಣಚಿತ್ರ ಮೊದಲಾದವನ್ನು ಒಂದು ದೇಶದ ಗಡಿ ದಾಟಿಸುವುದಕ್ಕೂ ಇನ್ನೊಂದು ದೇಶದೊಳಕ್ಕೆ ತರುವುದಕ್ಕೂ ಅನ್ವಯಿಸುವ ಕಾನೂನುಗಳ ಸಮೂಹ. ರಫ್ತನ್ನು ತಡೆಯುವ ಕಾಯಿದೆ ಒಂದಲ್ಲ ಒಂದು ರೂಪದಲ್ಲಿ ಹೆಚ್ಚಿನ ದೇಶಗಳಲ್ಲಿ ಇದೆ. ಆದರೆ ಅದರ ಅಧಿಕಾರ ಆ ದೇಶದ ಬಂದರು, ವಿಮಾನ ನಿಲ್ದಾಣಗಳಿಗೆ ಮುಗಿಯುತ್ತದೆ. ವಸ್ತು ಗಡಿ ದಾಟಿತೆಂದರೆ ಅದನ್ನು ಹಿಂದಕ್ಕೆ ತರಲು ಬೇಕಾದ ಸರಂಜಾಮೇ ಬೇರೆ: ಅಂತರರಾಷ್ಟ್ರೀಯ ಒಪ್ಪಂದ, ಕೊಂಡ ದೇಶದ ಆಮದು ಕಾನೂನು, ಎಲ್ಲಕ್ಕಿಂತ ಮಿಗಿಲಾಗಿ ಆ ವಸ್ತು ಯಾರದು, ಎಲ್ಲಿಂದ ಹೋಯಿತು ಎಂಬುದಕ್ಕೆ ಪುರಾವೆ. ಭಾರತದ ಅನುಭವ ಇದನ್ನು ಚೆನ್ನಾಗಿ ತೋರಿಸುವುದರಿಂದ ಈ ಲೇಖನ ಹೆಚ್ಚಾಗಿ ಅದನ್ನೇ ಆಧರಿಸಿದೆ.

ಹಿನ್ನೆಲೆ

ನೆಲದಡಿ ಸಿಕ್ಕ ಸಂಪತ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯ ಜೊತೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗಗಳನ್ನೂ ಬಿಟ್ಟುಕೊಟ್ಟ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಹೂತ ನಿಧಿಯ ಹಕ್ಕು ಅರಸನದು, ಅವನು ಬಿಟ್ಟುಕೊಟ್ಟರೆ ದಾನ ಪಡೆದವನದು ಎಂಬ ಎಣಿಕೆ ಅದರ ಹಿಂದಿದೆ. ಬ್ರಿಟಿಷರು 1878ರಲ್ಲಿ ತಂದ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯಿದೆ ಇದೆ. ಇವೆಲ್ಲ ನಿಧಿ ಯಾರ ಪಾಲಿಗೆ ಎಂಬುದನ್ನು ತೀರ್ಮಾನಿಸುವ ಕಾಯಿದೆಗಳು. ಹೊರದೇಶಕ್ಕೆ ಹೋಗುವುದನ್ನು ತಡೆಯುವ ಉದ್ದೇಶ ಅವಕ್ಕಿಲ್ಲ.

ವೈಸರಾಯ್ ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆಯಲ್ಲಿ ಪ್ರಾಚ್ಯವಸ್ತುಗಳ ಸಾಗಾಟವನ್ನು ನಿಯಂತ್ರಿಸುವ ಅಧಿಕಾರ ಮೊದಲ ಬಾರಿಗೆ ಸರ್ಕಾರಕ್ಕೆ ದಕ್ಕಿತು. ಆ ವೇಳೆಗೆ ಅಮರಾವತಿಯ ಶಿಲಾಫಲಕಗಳೂ ಶ್ರೀರಂಗಪಟ್ಟಣದ ಲೂಟಿಯೂ ಲಂಡನ್ ಸೇರಿ ದಶಕಗಳೇ ಕಳೆದಿದ್ದವು ಎಂಬುದನ್ನು ಮರೆಯಬಾರದು. ರಫ್ತಿಗೆಂದೇ ಕಾಯಿದೆ ಬಂದದ್ದು 1947ರಲ್ಲಿ. ಅದೂ ಪರವಾನಗಿಯ ಕಾಯಿದೆ. ಅದರ ಕಣ್ಣೆದುರೇ ತಮಿಳುನಾಡಿನ ಕಂಚಿನ ವಿಗ್ರಹಗಳು ನ್ಯೂಯಾರ್ಕಿನ ಅಂಗಡಿಗಳಲ್ಲಿ ಕಾಣಿಸಿಕೊಳ್ಳತೊಡಗಿದವು.

1972ರ ಅಧಿನಿಯಮ

ಇಂದು ಜಾರಿಯಲ್ಲಿರುವುದು ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಅಧಿನಿಯಮ, 1972. ಸಂಸತ್ತು ಒಪ್ಪಿದ ಮೇಲೂ ಅದು ಜಾರಿಗೆ ಬರಲು 1976ರ ಏಪ್ರಿಲ್ 5ರವರೆಗೆ ಕಾಯಬೇಕಾಯಿತು. ಅದರ ತಿರುಳು ಮೂರನೆಯ ಕಲಮಿನಲ್ಲಿದೆ: ಪ್ರಾಚ್ಯವಸ್ತುವನ್ನಾಗಲಿ ಕಲಾಸಂಪತ್ತನ್ನಾಗಲಿ ರಫ್ತು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಖಾಸಗಿ ವ್ಯಕ್ತಿಗೆ ಪರವಾನಗಿ ಪಡೆಯುವ ದಾರಿಯೂ ಇಲ್ಲ. ಮೀರಿದವರಿಗೆ ಕನಿಷ್ಠ ಆರು ತಿಂಗಳಿಂದ ಗರಿಷ್ಠ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಕಸ್ಟಮ್ಸ್ ಕಾಯಿದೆಯ ಕ್ರಮಗಳು ಬೇರೆ. ಕೋಟಿಗಟ್ಟಲೆ ಹಣ ತರುವ ದಂಧೆಗೆ ಈ ಶಿಕ್ಷೆ ಏನೇನೂ ಸಾಲದು.

ಪ್ರಾಚ್ಯವಸ್ತು ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ವೈಜ್ಞಾನಿಕ, ಚಾರಿತ್ರಿಕ, ಸಾಹಿತ್ಯಿಕ ಇಲ್ಲವೇ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ವ್ಯಾಖ್ಯೆ ಬಲು ವಿಶಾಲ: ನಾಣ್ಯ, ಶಿಲ್ಪ, ಚಿತ್ರ, ಶಾಸನ, ಕಟ್ಟಡದಿಂದ ಕಳಚಿದ ಕಂಬ–ತೊಲೆ, ಗತಕಾಲದ ಕಲೆ, ಕಸುಬು, ಧರ್ಮ, ಆಚಾರಗಳನ್ನು ತೋರಿಸುವ ಯಾವುದೇ ವಸ್ತು. ವಸ್ತು ಭಾರತದಲ್ಲೇ ತಯಾರಾಗಿರಬೇಕೆಂದು ಅದು ಹೇಳುವುದಿಲ್ಲ. ಹೀಗಾಗಿ ಶತಮಾನದ ಹಿಂದೆ ಚೆಟ್ಟಿನಾಡಿನ ಮನೆಗೋ ಮಂಗಳೂರಿನ ಬಂಗಲೆಗೋ ತಂದಿಟ್ಟ ಯೂರೋಪಿನ ಗಾಜಿನ ತೂಗುದೀಪವೂ ಈ ಹಿಡಿತಕ್ಕೆ ಒಳಪಡಬಹುದು. ವರ್ಷ ಕಳೆದಂತೆ ನೂರರ ಗೆರೆಯೂ ಮುಂದೆ ಸರಿಯುತ್ತದೆ. 1926ರಲ್ಲಿ ಎರಕ ಹೊಯ್ದ ದೀಪದ ಕಂಬ ಮೊನ್ನೆ ಮೊನ್ನೆಯವರೆಗೆ ಬರೀ ಹಳೆಯ ಸಾಮಾನು, ಈಗ ಕಾನೂನಿನ ಕಣ್ಣಿನಲ್ಲಿ ಪ್ರಾಚ್ಯವಸ್ತು. ಗುಣ ನೋಡದೆ ವಯಸ್ಸನ್ನಷ್ಟೇ ಅಳೆಯುವ ಈ ಪದ್ಧತಿಯಿಂದ ಚೋಳರ ನಟರಾಜನೂ ಅಜ್ಜಿಯ ಕಡಗೋಲೂ ಒಂದೇ ಪಟ್ಟಿಗೆ ಬರುತ್ತವೆ ಎಂಬುದು ಕಾಯಿದೆಯ ಮೇಲಿನ ಮುಖ್ಯ ಆಕ್ಷೇಪ, ನ್ಯಾಯವಾದ ಆಕ್ಷೇಪವೂ ಹೌದು.

ದೇಶದೊಳಗಿನ ಮಾರಾಟಕ್ಕೆ ನಿಷೇಧವಿಲ್ಲ, ಆದರೆ ವ್ಯಾಪಾರಿಗೆ ಲೈಸೆನ್ಸ್ ಬೇಕು. ಕಲ್ಲು, ಸುಟ್ಟ ಮಣ್ಣು, ಲೋಹ, ದಂತ, ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಸಹಿತ ಹಸ್ತಪ್ರತಿಗಳು ಖಾಸಗಿಯವರ ಬಳಿ ಇದ್ದರೆ ನೋಂದಾಯಿಸಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಸಾರ್ವಜನಿಕ ಸ್ಥಳದಲ್ಲಿ ಇರುವುದೇ ಒಳಿತೆಂದು ಕಂಡರೆ ಪರಿಹಾರ ಕೊಟ್ಟು ವಸ್ತುವನ್ನು ಕಡ್ಡಾಯವಾಗಿ ವಶಪಡಿಸಿಕೊಳ್ಳಲೂ ಸರ್ಕಾರಕ್ಕೆ ಅಧಿಕಾರವಿದೆ. ಈ ಕೊನೆಯ ಕಲಮಿಗೆ ಹೆದರಿಯೇ ಅನೇಕರು ನೋಂದಣಿಗೆ ಬೆನ್ನು ತಿರುಗಿಸುತ್ತಾರೆ. ನೋಂದಣಿ ಇಲ್ಲದ ವಿಗ್ರಹ ಕಳುವಾದರೆ ಅದರ ಫೋಟೊ, ಅಳತೆ ಯಾವುದೂ ಯಾರ ಬಳಿಯೂ ಇರುವುದಿಲ್ಲ. ಇದರ ಫಲ ಏನೆಂಬುದು ಮುಂದೆ ವಿದೇಶಿ ನ್ಯಾಯಾಲಯದಲ್ಲಿ ಗೊತ್ತಾಗುತ್ತದೆ.

ಪ್ರಮಾಣಪತ್ರ ಮತ್ತು ಕಸ್ಟಮ್ಸ್

ಒಂದು ವಸ್ತು ಪ್ರಾಚ್ಯವಸ್ತುವೋ ಅಲ್ಲವೋ ಎಂಬ ಪ್ರಶ್ನೆ ಬಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರು ನೇಮಿಸಿದ ಅಧಿಕಾರಿ ಹೇಳಿದ್ದೇ ಅಂತಿಮ. ಹೊಸ ವಸ್ತುವನ್ನು ಹೊರಗೆ ಕಳಿಸುವವರು ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುತ್ತಾರೆ. ಹೊಸದಾಗಿದ್ದರೂ ಹಳೆಯದರಂತೆ ಕಾಣುವ ಮಾಲಿಗೆ ಇದು ಬೇಕೇ ಬೇಕೆನ್ನಬಹುದು. ಬೀದರಿನ ಕುಶಲಕರ್ಮಿ ಹೋದ ತಿಂಗಳು ಮುಗಿಸಿದ ಹೂದಾನಿಯೂ ಅವನ ಮುತ್ತಜ್ಜ ಮಾಡಿದ ಹೂದಾನಿಯೂ ಎಕ್ಸ್‌ರೇ ಪರದೆಯ ಮುಂದೆ ಕುಳಿತ ಕಸ್ಟಮ್ಸ್ ಸಿಬ್ಬಂದಿಗೆ ಒಂದೇ ತೆರನಾಗಿ ಕಾಣುತ್ತವೆ. ಬಿದರಿ ಕೆಲಸದಲ್ಲಿ ಕಪ್ಪು ಬಣ್ಣ ಬೇಕೆಂದೇ ತರಿಸಿದ್ದು, ವಯಸ್ಸಿನಿಂದ ಬಂದದ್ದಲ್ಲ. ಇದನ್ನು ಹೇಳಲು ಬಲ್ಲವರ ಕಣ್ಣು ಬೇಕು.

ಕಳ್ಳಸಾಗಣೆದಾರರು ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡರು. ನಿಜವಾದ ಚೋಳ ವಿಗ್ರಹಗಳನ್ನು ಹೊಸ ಕರಕುಶಲ ವಸ್ತುಗಳ ರಾಶಿಯಲ್ಲಿ ಸೇರಿಸಿ, ಕಾಗದದಲ್ಲಿ ‘ಕರಕುಶಲ ವಸ್ತು’ ಎಂದೇ ಬರೆಸಿ ಹಡಗಿಗೆ ಏರಿಸುವುದು ಅವರ ರೂಢಿ.

ಪ್ರಾಚ್ಯವಸ್ತುವಲ್ಲ ಎಂದು ಇಲಾಖೆ ಬರೆದುಕೊಟ್ಟ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ. ಮೈಸೂರು ಶೈಲಿಯ ಬೀಟೆಮರದ ಪೆಟ್ಟಿಗೆಯಲ್ಲಿ ಆನೆದಂತದ ಕುಸುರಿ ಇದ್ದರೆ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಬೀಟೆಮರಕ್ಕೂ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧಗಳಿವೆ. ಒಂದೇ ಪೆಟ್ಟಿಗೆಗೆ ಎರಡು ಮೂರು ಇಲಾಖೆಗಳ ಒಪ್ಪಿಗೆ ಬೇಕಾಗುವ ಸಂದರ್ಭ ಅಪರೂಪವೇನಲ್ಲ.

ವಿದೇಶಿ ಪ್ರದರ್ಶನಗಳಿಗೆ ತಾತ್ಕಾಲಿಕವಾಗಿ ಕಳಿಸುವುದು ಸರ್ಕಾರದ ಅನುಮತಿಯಿಂದ, ವಿಮೆಯ ಏರ್ಪಾಡಿನೊಂದಿಗೆ ನಡೆಯುತ್ತದೆ.

ಕಲಾಸಂಪತ್ತು

ನೂರು ವರ್ಷ ತುಂಬದ ಕಲಾಕೃತಿಯನ್ನೂ ಅದರ ಕಲಾಮೌಲ್ಯ ನೋಡಿ ಸರ್ಕಾರ ‘ಕಲಾಸಂಪತ್ತು’ ಎಂದು ಘೋಷಿಸಬಹುದು. ಕಲಾವಿದ ಬದುಕಿರುವಾಗ ಹಾಗೆ ಘೋಷಿಸುವಂತಿಲ್ಲ. 1970ರ ದಶಕದ ಅಧಿಸೂಚನೆಗಳಲ್ಲಿ ಒಂಬತ್ತು ಮಂದಿಯ ಕೃತಿಗಳಿಗೆ ಈ ಮುದ್ರೆ ಬಿತ್ತು: ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಹಾಗೂ ರಷ್ಯದಿಂದ ಬಂದು ಕುಲು ಕಣಿವೆಯಲ್ಲಿ ನೆಲೆಸಿದ ನಿಕೊಲಸ್ ರೋರಿಕ್. ಬಂಗಾಳದ ಕಡೆಗೆ ತಕ್ಕಡಿ ವಾಲಿರುವುದು ಪಟ್ಟಿಯನ್ನು ಓದಿದರೇ ತಿಳಿಯುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಚಿತ್ರಗಳು ಈಗ ವಯಸ್ಸಿನಿಂದಲೇ ಪ್ರಾಚ್ಯವಸ್ತುಗಳಾಗಿವೆ, ಘೋಷಣೆಯ ಹಂಗು ಅವಕ್ಕಿಲ್ಲ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನಟಿ ದೇವಿಕಾರಾಣಿಯೊಂದಿಗೆ ಬಾಳಿದ ಸ್ವೆತೊಸ್ಲಾವ್ ರೋರಿಕ್ ಈ ಪಟ್ಟಿಯಲ್ಲಿಲ್ಲ. ಅಲ್ಲಿರುವುದು ಅವರ ತಂದೆ. ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳೂ ಇವೆ. ಒಂದೇ ಛಾವಣಿಯಡಿ ಇದ್ದರೂ ಕಾನೂನಿನಲ್ಲಿ ಅವುಗಳ ಸ್ಥಾನ ಬೇರೆ ಬೇರೆ.

ಮಾರುಕಟ್ಟೆಯ ಮೇಲೆ ಇದರ ಪರಿಣಾಮ ನೇರ. ಶೇರ್‌ಗಿಲ್ ಚಿತ್ರವೊಂದು 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಎಂ.ಎಫ್. ಹುಸೇನರ ‘ಗ್ರಾಮಯಾತ್ರಾ’ 1954ರಲ್ಲೇ ನಾರ್ವೆಯ ವೈದ್ಯರೊಬ್ಬರ ಜೊತೆ ಹೊರಟು ಓಸ್ಲೋದ ಆಸ್ಪತ್ರೆಯ ಗೋಡೆ ಸೇರಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 1 ಕೋಟಿ 37 ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಬಂತು. ಹುಸೇನ್ ಪಟ್ಟಿಯಲ್ಲಿಲ್ಲ, ಜಗತ್ತಿನ ಯಾವ ಗಿರಾಕಿಯೂ ಅವರ ಚಿತ್ರಕ್ಕೆ ಸವಾಲು ಕೂಗಬಹುದು.

ಗಡಿಯಾಚೆ

ಒಂದು ದೇಶದ ರಫ್ತು ನಿಷೇಧವನ್ನು ಇನ್ನೊಂದು ದೇಶದ ನ್ಯಾಯಾಲಯ ಜಾರಿ ಮಾಡಬೇಕೇ? ಸಾಂಪ್ರದಾಯಿಕ ಉತ್ತರ, ಇಲ್ಲ ಎಂದೇ. ಇದನ್ನು ನ್ಯೂಜಿಲೆಂಡ್ ಕಹಿಯಾಗಿ ಕಲಿಯಿತು. ತಾರನಾಕಿ ಪ್ರದೇಶದ ಜೌಗಿನಲ್ಲಿ ಸಿಕ್ಕ ಮಾವೊರಿ ಕೆತ್ತನೆಯ ಹಲಗೆಗಳು 1973ರಲ್ಲಿ ಅನುಮತಿಯಿಲ್ಲದೆ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಸಂಗ್ರಾಹಕ ಜಾರ್ಜ್ ಒರ್ಟಿಜ್ ಕೈಸೇರಿದವು. ಅವು ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ನ್ಯೂಜಿಲೆಂಡ್ ಸರ್ಕಾರ ದಾವೆ ಹೂಡಿತು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಅಕ್ರಮ ರಫ್ತಾದ ವಸ್ತು ಮುಟ್ಟುಗೋಲಾಗುತ್ತದೆ ಎಂದು ನಿಮ್ಮ ಕಾಯಿದೆ ಹೇಳಿದರೂ, ನಿಮ್ಮ ಅಧಿಕಾರಿಗಳು ನಿಜವಾಗಿ ಅದನ್ನು ಹಿಡಿಯದ ಹೊರತು ಮಾಲೀಕತ್ವ ನಿಮಗೆ ಬಾರದು ಎಂಬುದು ತೀರ್ಪಿನ ತಾತ್ಪರ್ಯ. ಹಲಗೆಗಳು ತವರಿಗೆ ಮರಳಿದ್ದು 2014ರಲ್ಲಿ, ಅದೂ ಹಣ ತೆತ್ತ ಮೇಲೆ.

‘ನಮ್ಮ ಕಾನೂನು ಮುರಿದು ತಂದಿದ್ದಾರೆ’ ಎನ್ನುವ ವಾದ ಸೋಲುತ್ತದೆ. ‘ಇದು ನಮ್ಮ ಮನೆಯಿಂದ ಕದ್ದ ಮಾಲು’ ಎನ್ನುವ ವಾದ ಗೆಲ್ಲಬಲ್ಲದು. ಭಾರತದ ದೊಡ್ಡ ಪ್ರಕರಣಗಳೆಲ್ಲ ಈ ಎರಡನೆಯ ದಾರಿಯಲ್ಲೇ ಸಾಗಿವೆ.

ತಮಿಳುನಾಡಿನ ಶಿವಪುರಂ ನಟರಾಜ ವಿಗ್ರಹವನ್ನು 1950ರ ದಶಕದಲ್ಲಿ ದುರಸ್ತಿಗೆಂದು ಒಯ್ದು, ದೇವಸ್ಥಾನಕ್ಕೆ ನಕಲು ಮರಳಿಸಲಾಗಿತ್ತು. ಪೂಜೆ ಆ ನಕಲಿಗೇ ನಡೆಯುತ್ತಿತ್ತು. ಮೂಲ ವಿಗ್ರಹ ಬೇರೆಲ್ಲೋ ಇದೆಯೆಂದು ಬ್ರಿಟಿಷ್ ವಿದ್ವಾಂಸ ಡಗ್ಲಸ್ ಬ್ಯಾರೆಟ್ 1965ರಲ್ಲಿ ಬರೆದ ಮೇಲೆಯೇ ಗುಟ್ಟು ಹೊರಬಿತ್ತು. ಅಷ್ಟಾದರೂ ಅಮೆರಿಕದ ಉದ್ಯಮಿ ನಾರ್ಟನ್ ಸೈಮನ್ ಅದನ್ನು 9 ಲಕ್ಷ ಡಾಲರಿಗೆ ಕೊಂಡರು. ಭಾರತ ದಾವೆ ಹೂಡಿತು, 1976ರಲ್ಲಿ ರಾಜಿಯಾಯಿತು: ಒಡೆತನ ಭಾರತದ್ದು, ಆದರೆ ಹತ್ತು ವರ್ಷ ವಿಗ್ರಹ ಸೈಮನ್ ಸಂಗ್ರಹಾಲಯದಲ್ಲೇ. 1986ರಲ್ಲಿ ಅದು ಮರಳಿತು.

ಪತ್ತೂರು ನಟರಾಜನ ಮೊಕದ್ದಮೆ ಇನ್ನೂ ಸ್ವಾರಸ್ಯದ್ದು. 1976ರಲ್ಲಿ ತಂಜಾವೂರು ಸೀಮೆಯ ಪತ್ತೂರಿನಲ್ಲಿ ಕೂಲಿಕಾರನೊಬ್ಬನ ಗುದ್ದಲಿಗೆ ತಗುಲಿದ ವಿಗ್ರಹ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಬಂಪರ್ ಡೆವಲಪ್‌ಮೆಂಟ್ ಎಂಬ ಕಂಪನಿ ಅದನ್ನು ಸದ್ಭಾವನೆಯಿಂದಲೇ ಕೊಂಡಿತು. ಶುಚಿಗೊಳಿಸಲು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟಿದ್ದಾಗ ಲಂಡನ್ ಪೊಲೀಸರು ವಶಪಡಿಸಿಕೊಂಡರು. ವಾದಿಗಳ ಸಾಲಿನಲ್ಲಿ ಭಾರತ ಸರ್ಕಾರ, ತಮಿಳುನಾಡು ಸರ್ಕಾರಗಳ ಜೊತೆ ಪತ್ತೂರಿನ ಪಾಳುಬಿದ್ದ ವಿಶ್ವನಾಥಸ್ವಾಮಿ ದೇವಾಲಯವೂ ಅಲ್ಲಿ ಉಳಿದಿದ್ದ ಶಿವಲಿಂಗವೂ ಇದ್ದವು. ದೇವರು ಹಾಗೂ ದೇವಾಲಯಕ್ಕೆ ಕಾನೂನಿನ ವ್ಯಕ್ತಿತ್ವವಿದೆ ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ನಿತ್ಯದ ಮಾತು. ಇಂಗ್ಲೆಂಡಿಗೆ ಅದು ಅಪರಿಚಿತ. 1991ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಭಾರತದ ಕಾನೂನು ವ್ಯಕ್ತಿಯೆಂದು ಒಪ್ಪಿದ ದೇವಾಲಯಕ್ಕೆ ತಾನೂ ವಾದಿಯ ಸ್ಥಾನ ಕೊಡುವುದಾಗಿ ಹೇಳಿತು. ಲೋಹತಜ್ಞರು, ಶಿಲ್ಪತಜ್ಞರು, ವಿಗ್ರಹಕ್ಕೆ ಅಂಟಿದ್ದ ಮಣ್ಣನ್ನು ಪರೀಕ್ಷಿಸಿದವರು ಎಲ್ಲರ ಸಾಕ್ಷ್ಯವೂ ಆ ಮೊಕದ್ದಮೆಯಲ್ಲಿ ನಡೆಯಿತು. 1972ರ ಅಧಿನಿಯಮದ ರಫ್ತು ನಿಷೇಧಕ್ಕಿಂತ ಹೆಚ್ಚಿನ ಕೆಲಸವನ್ನು ಆ ಮಣ್ಣು ಮಾಡಿತು.

ಒಪ್ಪಂದಗಳು, ಆಮದು ಕಾನೂನುಗಳು

ಹೀಗೆ ಒಂದೊಂದು ವಿಗ್ರಹಕ್ಕೂ ವರ್ಷಗಟ್ಟಲೆ ಕೋರ್ಟು ಅಲೆಯುವುದನ್ನು ತಪ್ಪಿಸಲು ಯುನೆಸ್ಕೊ 1970ರ ನವೆಂಬರ್ 14ರಂದು ಒಪ್ಪಂದವೊಂದನ್ನು ಅಂಗೀಕರಿಸಿತು. ಭಾರತ 1977ರ ಜನವರಿಯಲ್ಲಿ ಸೇರಿತು. ಸಂಗ್ರಹಾಲಯ, ಸ್ಮಾರಕಗಳಿಂದ ಕದ್ದ, ದಾಖಲೆಯಲ್ಲಿರುವ ವಸ್ತುಗಳ ಆಮದನ್ನು ಸದಸ್ಯ ದೇಶಗಳು ತಡೆಯಬೇಕು, ಕೇಳಿದರೆ ಹಿಂದಿರುಗಿಸಬೇಕು, ತಿಳಿಯದೆ ಕೊಂಡವರಿಗೆ ಕೇಳಿದ ದೇಶ ನ್ಯಾಯವಾದ ಪರಿಹಾರ ಕೊಡಬೇಕು. ಎರಡು ಮಿತಿಗಳು ಢಾಳಾಗಿ ಕಾಣುತ್ತವೆ. ಒಪ್ಪಂದ ಪೂರ್ವಾನ್ವಯವಲ್ಲ, ಆದ್ದರಿಂದ ವಸಾಹತು ಕಾಲದ ಲೂಟಿ ಅದರ ವ್ಯಾಪ್ತಿಗೆ ಬಾರದು. ಎರಡನೆಯದು ‘ದಾಖಲೆಯಲ್ಲಿರುವ’ ಎಂಬ ಷರತ್ತು: ಯಾವ ಪಟ್ಟಿಯಲ್ಲೂ ಇಲ್ಲದ ಹಳ್ಳಿಯ ಗುಡಿಯ ಮೂರ್ತಿಗೆ ಅದರಿಂದ ದಕ್ಕುವುದು ಅಲ್ಪ. ಮಾಲನ್ನು ಕೊಳ್ಳುವ ದೇಶಗಳಂತೂ ನಿಧಾನವಾಗಿ ಬಂದವು: ಅಮೆರಿಕ 1983ರಲ್ಲಿ, ಬ್ರಿಟನ್ 2002ರಲ್ಲಿ, ಜರ್ಮನಿ 2007ರಲ್ಲಿ. ಖಾಸಗಿ ಮಾಲೀಕರಿಗೂ ನೇರ ದಾವೆಯ ಹಕ್ಕು ಕೊಡುವ 1995ರ ಯೂನಿಡ್ರಾ ಒಪ್ಪಂದಕ್ಕೆ ಭಾರತವೂ ಸೇರಿಲ್ಲ.

ಒಪ್ಪಂದವನ್ನು ತನ್ನ ಕಾನೂನಿಗೆ ಇಳಿಸಿಕೊಂಡ ರೀತಿ ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದ 1986ರ ಕಾಯಿದೆ ಎಲ್ಲಕ್ಕಿಂತ ಉದಾರ: ಮೂಲ ದೇಶದ ಕಾನೂನು ಮುರಿದು ರಫ್ತಾದ ಸಾಂಸ್ಕೃತಿಕ ವಸ್ತುವನ್ನು ಆಮದು ಮಾಡಿಕೊಳ್ಳುವುದೇ ಅಲ್ಲಿ ಅಪರಾಧ. ಒರ್ಟಿಜ್ ಪ್ರಕರಣದಲ್ಲಿ ಲಂಡನ್ ಒಪ್ಪದ ತತ್ವವನ್ನು ಕ್ಯಾನ್ಬೆರಾ ತಾನಾಗಿ ಒಪ್ಪಿಕೊಂಡಿತು. ಅದೇ ಕ್ಯಾನ್ಬೆರಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಮ್ಯಾನ್‌ಹಟನ್ನಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ ಸುಮಾರು 50 ಲಕ್ಷ ಡಾಲರಿಗೆ ಒಂದು ನಟರಾಜನನ್ನು ಕೊಂಡಿತ್ತು. ಅದು ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದ್ದು. ಮೂಲದ ಬಗ್ಗೆ ವ್ಯಾಪಾರಿ ಕೊಟ್ಟ ಕಾಗದಗಳೆಲ್ಲ ಸುಳ್ಳು. ಸಾಬೀತು ಮಾಡಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಚಿತ್ರಭಂಡಾರ. ದಕ್ಷಿಣದ ಗುಡಿಗುಡಿಗೆ ಹೋಗಿ ವಿಗ್ರಹಗಳ ಫೋಟೊ ತೆಗೆದಿಡುವುದನ್ನು ಆ ಸಂಸ್ಥೆಯವರು 1950ರ ದಶಕದಿಂದಲೇ ಮಾಡುತ್ತ ಬಂದಿದ್ದರು. ಎರಕದ ವಿಗ್ರಹಕ್ಕೆ ಅಚ್ಚು ಒಡೆದೇ ಹೊರಬರಬೇಕಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಪ್ರಭಾವಳಿಯ ಜ್ವಾಲೆಯ ಸೊಟ್ಟು, ಹಳೆಯ ಏಟಿನ ಗುರುತುಗಳೇ ಬೆರಳಚ್ಚಿನ ಕೆಲಸ ಮಾಡುತ್ತವೆ. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಅಬಾಟ್ ದೆಹಲಿಗೆ ಬಂದು ವಿಗ್ರಹ ಮರಳಿಸಿದರು. 2011ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೆರೆಸಿಕ್ಕಿ ಮರುವರ್ಷ ಭಾರತಕ್ಕೆ ಹಸ್ತಾಂತರಗೊಂಡಿದ್ದ ಕಪೂರ್‌ಗೆ 2022ರಲ್ಲಿ ಕುಂಭಕೋಣದ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ವಿಧಿಸಿತು.

ಅಮೆರಿಕದಲ್ಲಿ ಆಮದು ನಿರ್ಬಂಧ ತಾನಾಗಿ ಬರುವುದಿಲ್ಲ, ದೇಶದೇಶದೊಂದಿಗೆ ಪ್ರತ್ಯೇಕ ಒಪ್ಪಂದ ಬೇಕು. ಭಾರತ ಅದಕ್ಕೆ ಸಹಿ ಹಾಕಿದ್ದು 2024ರ ಜುಲೈ 26ರಂದು, ಅಂದರೆ ಯುನೆಸ್ಕೊ ಒಪ್ಪಂದ ಸೇರಿ 47 ವರ್ಷದ ಮೇಲೆ. ಅದಕ್ಕೆ ಮೊದಲೂ ನ್ಯೂಯಾರ್ಕಿನ ಪ್ರಾಸಿಕ್ಯೂಟರುಗಳು ಕಳವಿನ ಮಾಲಿನ ಸಾಮಾನ್ಯ ಕಾನೂನು ಬಳಸಿ ಬಹಳಷ್ಟು ವಶಪಡಿಸಿಕೊಂಡಿದ್ದರು: 2021ರಲ್ಲಿ 157, 2024ರಲ್ಲಿ 297 ವಸ್ತುಗಳನ್ನು ಅಮೆರಿಕ ಒಪ್ಪಿಸಿತು. ಯೂರೋಪಿನ ಒಕ್ಕೂಟ 2019ರ ನಿಯಮಾವಳಿಯನ್ನು 2025ರ ಜೂನ್ 28ರಿಂದ ಪೂರ್ಣವಾಗಿ ಜಾರಿಗೆ ತಂದಿದೆ. 250 ವರ್ಷ ಮೀರಿದ ಉತ್ಖನನದ ವಸ್ತುಗಳಿಗೂ ಸ್ಮಾರಕಗಳ ತುಂಡುಗಳಿಗೂ ಅಲ್ಲಿ ಆಮದು ಪರವಾನಗಿ ಬೇಕು. ಮೂಲ ದೇಶದಿಂದ ಸಕ್ರಮವಾಗಿ ಬಂದದ್ದೆಂದು ತೋರಿಸುವ ಹೊಣೆ ತರುವವನದು.

ಬ್ರಿಟನ್ನಿನ ರಫ್ತು ನಿಯಮ ಮತ್ತು ಟಿಪ್ಪುವಿನ ಹುಲಿ

ಬ್ರಿಟನ್ ನಿಷೇಧಿಸುವುದಿಲ್ಲ, ತಡ ಮಾಡುತ್ತದೆ. ಮುಖ್ಯ ವಸ್ತುವೊಂದು ಹೊರಗೆ ಹೋಗುವುದಿದ್ದರೆ ತಜ್ಞರ ಸಮಿತಿ ಅದನ್ನು 1952ರ ವೇವರ್ಲಿ ವರದಿಯ ಮಾನದಂಡಗಳಿಂದ ಅಳೆಯುತ್ತದೆ: ದೇಶದ ಚರಿತ್ರೆಯೊಂದಿಗೆ ನಿಕಟ ನಂಟಿದೆಯೇ, ಸೌಂದರ್ಯದಲ್ಲಿ ಅಸಾಧಾರಣವೇ, ಅಧ್ಯಯನಕ್ಕೆ ಅತಿಮುಖ್ಯವೇ. ಒಂದಕ್ಕೆ ಹೌದೆಂದರೂ ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿದು, ಆ ಅವಧಿಯಲ್ಲಿ ಅದೇ ಬೆಲೆಗೆ ದೇಶದೊಳಗೆ ಯಾರಾದರೂ ಕೊಳ್ಳುತ್ತಾರೆಯೇ ಎಂದು ನೋಡುತ್ತಾರೆ. ಮಾಲೀಕನಿಗೆ ನಷ್ಟವಿಲ್ಲ, ಸಂಗ್ರಹಾಲಯಕ್ಕೆ ಅವಕಾಶ ಸಿಗುತ್ತದೆ. ಭಾರತದ ಪೂರ್ಣ ನಿಷೇಧಕ್ಕಿಂತ ಇದು ಜಾಣತನದ ವ್ಯವಸ್ಥೆ ಎನ್ನಲು ಅಡ್ಡಿಯಿಲ್ಲ. ಆದರೆ ಸಂಗ್ರಹಾಲಯಗಳ ಕೈಯಲ್ಲಿ ದುಡ್ಡಿರಬೇಕು.

ಈ ವ್ಯವಸ್ಥೆ ಕನ್ನಡಿಗರಿಗೆ ವಿಚಿತ್ರವಾಗಿ ಕಾಣುವ ಸಂದರ್ಭ ಒಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ಕೊಳ್ಳೆ ಹಂಚುವ ಅಧಿಕಾರಿಗಳು ತುಂಡು ತುಂಡು ಮಾಡಿದರು. ಅದರ ದೊಡ್ಡ ಹುಲಿಮುಖವೂ ಹುಮಾ ಎಂಬ ಕಾಲ್ಪನಿಕ ಪಕ್ಷಿಯ ಮೂರ್ತಿಯೂ ವಿಂಡ್ಸರ್ ಅರಮನೆ ಸೇರಿದವು. ಸುತ್ತಿನ ಕಟಕಟೆಯ ಮೇಲಿದ್ದ ಎಂಟು ಚಿಕ್ಕ ಚಿನ್ನದ ಹುಲಿಮುಖಗಳು ಚದುರಿದವು. ಅವುಗಳಲ್ಲೊಂದು 2021ರಲ್ಲಿ ಬ್ರಿಟನ್ ಬಿಟ್ಟು ಹೋಗುವುದರಲ್ಲಿದ್ದಾಗ ಅಲ್ಲಿನ ಸರ್ಕಾರ 15 ಲಕ್ಷ ಪೌಂಡ್ ಬೆಲೆಯ ಆ ಹುಲಿಯ ರಫ್ತಿಗೆ ತಡೆಯೊಡ್ಡಿತು. 2023ರಲ್ಲಿ ಟಿಪ್ಪುವಿಗಾಗಿ ಮಾಡಿದ, ಮುಂದೆ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ಗೆ ಸಂದ ಬೇಟೆಯ ಕೋವಿಗೂ ಇದೇ ತಡೆ ಬಿತ್ತು. ಬೆಲೆ 20 ಲಕ್ಷ ಪೌಂಡ್. ರಫ್ತು ಕಾನೂನು ವಸ್ತು ಈಗ ಎಲ್ಲಿದೆ ಎಂದು ಮಾತ್ರ ಕೇಳುತ್ತದೆ, ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಅದೇ 2023ರಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯಿತು.

1970ಕ್ಕೆ ಹಿಂದಿನ ಇಂಥ ವಸ್ತುಗಳಿಗೆ ಕಾನೂನಿನ ಬಾಗಿಲು ಮುಚ್ಚಿರುವುದರಿಂದ ಉಳಿಯುವುದು ಖರೀದಿ ಅಥವಾ ರಾಜತಾಂತ್ರಿಕ ಒತ್ತಡ. 2009ರಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರಗಳು ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರ್ ತೆತ್ತರು. ಪಿಪ್ರಾವಾ ಸ್ತೂಪದಿಂದ 1898ರಲ್ಲಿ ವಿಲಿಯಂ ಪೆಪ್ಪೆ ತೆಗೆದ ಬುದ್ಧಧಾತುವಿನ ಜೊತೆಗಿದ್ದ ರತ್ನಗಳನ್ನು 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಹರಾಜು ಹಾಕಲು ಹೊರಟಾಗ ಭಾರತ ಸರ್ಕಾರ ನೋಟಿಸು ಕೊಟ್ಟಿತು. ಹರಾಜು ನಿಂತಿತು. ಜುಲೈನಲ್ಲಿ ಗೋದ್ರೆಜ್ ಸಮೂಹ ಕೊಂಡು, ರತ್ನಗಳು ದೇಶಕ್ಕೆ ಬಂದವು.

ಭಾರತಕ್ಕೆ ಆಮದು

ಹೊರಗಿನಿಂದ ತರುವವರಿಗೆ ಮುಖ್ಯವಾಗಿ ಎದುರಾಗುವುದು ಸುಂಕ. ಸಾರ್ವಜನಿಕ ಸಂಗ್ರಹಾಲಯ, ಗ್ಯಾಲರಿಗಳಲ್ಲಿ ಪ್ರದರ್ಶಿಸಲು ತರುವ ಕಲಾಕೃತಿ, ಪ್ರಾಚ್ಯವಸ್ತುಗಳಿಗೆ ವಿನಾಯಿತಿ ಇದೆ. ಮನೆಯ ಗೋಡೆಗೆ ತರುವವರಿಗೆ ಇಲ್ಲ. ನೂರು ವರ್ಷ ಮೀರಿದ ವಸ್ತು ಒಳಗೆ ಬಂದರೆ 1972ರ ಅಧಿನಿಯಮದ ಮೂರನೆಯ ಕಲಮು ಅದಕ್ಕೂ ಅಂಟಿಕೊಳ್ಳುತ್ತದೆ, ಮತ್ತೆ ಹೊರಗೆ ಒಯ್ಯುವುದು ಸುಲಭವಲ್ಲ. ಅನಿವಾಸಿ ಸಂಗ್ರಾಹಕರು ಕೊಂಡದ್ದನ್ನು ತವರಿಗೆ ತರಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ಅಫ್ಘಾನಿಸ್ತಾನ, ಕಾಂಬೋಡಿಯಗಳಿಂದ ಕದ್ದ ವಿಗ್ರಹ ಭಾರತಕ್ಕೆ ಬಂದರೆ? 1972ರ ಅಧಿನಿಯಮ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಕಸ್ಟಮ್ಸ್ ಕಾಯಿದೆಯ 11ನೆಯ ಕಲಮಿನಡಿ ಅಧಿಸೂಚನೆ ಹೊರಡಿಸಬಹುದೆಂಬ ಸಾಮಾನ್ಯ ಅಧಿಕಾರ ಇದೆಯಾದರೂ, ಇತರರಿಂದ ನಾವು ಬಯಸುವ ಆಮದು ತಡೆಯನ್ನು ನಮ್ಮ ಮೂಲ ಕಾಯಿದೆಯಲ್ಲೇ ಬರೆದುಕೊಂಡಿಲ್ಲ. 2017ರ ಕರಡು ಮಸೂದೆ ತನ್ನ ಹೆಸರಿನಲ್ಲೇ ಆಮದನ್ನೂ ಸೇರಿಸಿಕೊಂಡಿತ್ತು, ದೇಶದೊಳಗಿನ ಮಾರಾಟಕ್ಕಿದ್ದ ಲೈಸೆನ್ಸನ್ನು ತೆಗೆಯುವ ಪ್ರಸ್ತಾವವನ್ನೂ ಮಾಡಿತ್ತು. ಅದು ಕರಡಿನ ಹಂತ ದಾಟಲಿಲ್ಲ.

ಮರಳಿ ಬಂದ ವಸ್ತುಗಳಲ್ಲಿ ಮೂಲ ದೇವಾಲಯ ಗೊತ್ತಿರುವಂಥವು ಆಯಾ ರಾಜ್ಯಗಳಿಗೆ ಹೋಗುತ್ತವೆ. ತಮಿಳುನಾಡಿನಲ್ಲಿ ಅವುಗಳಲ್ಲಿ ಹಲವನ್ನು ಭದ್ರತೆಯ ಕಾರಣಕ್ಕೆ ಗರ್ಭಗುಡಿಗೆ ಕಳಿಸದೆ ಸರ್ಕಾರದ ವಿಗ್ರಹ ಸಂರಕ್ಷಣಾ ಕೇಂದ್ರಗಳಲ್ಲಿ ಇರಿಸಿದ್ದಾರೆ. ಉಳಿದವು ಪುರಾತತ್ವ ಇಲಾಖೆಯ ವಶದಲ್ಲಿರುತ್ತವೆ. ಜಪ್ತಿಯಾದ ಮತ್ತು ಮರಳಿ ಪಡೆದ ವಸ್ತುಗಳಿಗೆಂದೇ ದೆಹಲಿಯ ಪುರಾನಾ ಕಿಲಾದಲ್ಲಿ 2019ರಲ್ಲಿ ಒಂದು ಗ್ಯಾಲರಿ ತೆರೆಯಲಾಗಿದೆ.